ಮುಚ್ಚಿದ ಹಳ್ಳ

ಕರೇಗುಡ್ಡ, ಶಿಗ್ಗಾಂವಿ ತಾಲೂಕು
೧೨ ಸೆಪ್ಟೆಂಬರ್ ೨೦೨೪, ಗುರುವಾರ

ನಮ್ಮ ಜಯಶ್ರೀಯ ಅಪ್ಪನವರಿಗೆ,

ಜೈಭೀಮ್. ನಾನೂ ಮಗಳೂ ಇದ್ದೇವೆ. ಆರಾಮ ಇದ್ದೇವೆ ಅಂತ ಬರೆಯಬೇಕಿತ್ತು, ಕೈ ಬರಲಿಲ್ಲ. ಜಡ್ಡಿಲ್ಲ, ಜಾಪತ್ತಿಲ್ಲ, ಆದರೆ ಈಗೀಗ ಮುಂಜಾನೆ ಏಳುವಾಗಲೇ ದಣಿದಿರುತ್ತೇನೆ.

ನಿಮ್ಮ ತಂಗಿ ಜಯಾ ರವಿವಾರ ಬಂದಿದ್ದಳು. “ಪಂಚಾಯ್ತಿ ಅಧ್ಯಕ್ಷಗಿರಿ ಬಿಟ್ಟು ಮಗಳನ್ನ ಕರಕೊಂಡು ಚಿಕ್ಕೇರೂರಿಗೆ ಬಾ ಅನ್ನು, ಇಲ್ಲೇ ಮನಿ ಹಿಡಿದೇನಿ” ಅಂತ ನೀವು ಹೇಳಿ ಕಳಿಸಿದ್ದನ್ನು ಹೇಳಿದಳು. ಫೋನು ಮಾಡಿದರೆ ಎರಡನೇ ಮಾತಿಗೇ ನಮಗೆ ಜಗಳ ಬೀಳುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಓದುವವರಿಗೆ ನಡುವೆ ಬಾಯಿ ಹಾಕಲಿಕ್ಕೆ ಬರುವುದಿಲ್ಲ ನೋಡ್ರಿ.

ಗೋವಿನಜೋಳದ ಕಾರ್ಖಾನೆ ಬರುತ್ತದೆ ಅಂತ ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿ ಸಭೆ ಮಾಡಿದ ದಿನ ನಾವಿಬ್ಬರೂ ಮಗ್ಗುಲಿಗೇ ಕುಂತಿದ್ದೆವು. ಪರಿಸರದ ಶರತ್ತುಗಳನ್ನು ಹಾವೇರಿಯ ಕಚೇರಿಯ ಸಾಹೇಬರು ಒಂದೊಂದಾಗಿ ಓದಿದರು. ಜಾಗದ ನಡುವೆ ಹಾಯುವ ಹಳ್ಳವನ್ನು ಮುಟ್ಟಬಾರದು, ಎರಡೂ ದಂಡೆಗೆ ಜಾಗ ಬಿಡಬೇಕು. ಹೊಲಸು ನೀರು ಶುದ್ಧ ಮಾಡುವ ಘಟಕ ಮೊದಲು, ಯಂತ್ರ ಆಮೇಲೆ. ಮೂರರಲ್ಲಿ ಒಂದು ಪಾಲು ಗಿಡ. ಊರೆಲ್ಲ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು. ನೀವು ತಟ್ಟಿದ್ದು ಊರಲ್ಲೇ ಜೆಸಿಬಿ ಕೆಲಸ ಸಿಗುತ್ತದೆ ಅಂತ. ನಾನು ತಟ್ಟಿದ್ದು, ಓದಿದ್ದನ್ನೆಲ್ಲ ಮಾಡುತ್ತಾರೆ ಅಂತ ನಂಬಿ.

ಮಾರ್ಚಿನಲ್ಲಿ ಗುತ್ತಿಗೆದಾರ ನಿಮಗೆ ಹಳ್ಳ ಮುಚ್ಚಿ ನೆಲ ಸಪಾಟು ಮಾಡು ಅಂದ. ಮನೆಗೆ ಬಂದು ನೀವೇ ಹೇಳಿದಿರಿ. ಬ್ಯಾಡ್ರಿ ಅಂದೆ. “ನಾ ಒಲ್ಲೆ ಅಂದ್ರ ಸವಣೂರಿಂದ ಮತ್ತೊಬ್ಬ ಡ್ರೈವರ್ ಬರ್ತಾನ. ಹಳ್ಳ ಉಳಿತೈತೇನು?” ಅಂದಿರಿ. ಮರುದಿನ ಹೋಗಿ ಹಳ್ಳ ಮುಚ್ಚಿದಿರಿ.

ತಪಾಸಣೆಯವರು ಬಂದ ದಿನದ್ದು ನಿಮಗೂ ಗೊತ್ತು. ಅಲ್ಲಿ ಹಳ್ಳವೇ ಇರಲಿಲ್ಲ, ಮಳೆಗಾಲದ ಒಂದು ಕೊರಕಲು ಇತ್ತು ಅಂದುಬಿಟ್ಟ ಕಾರ್ಖಾನೆಯ ಮ್ಯಾನೇಜರ. ಸಾಹೇಬರು ಊರವರ ಕಡೆ ತಿರುಗಿ ಕೇಳಿದರು. ಎಲ್ಲರೂ ನೆಲ ನೋಡುತ್ತ ನಿಂತರು. ಅಧ್ಯಕ್ಷರು ಹೇಳಲಿ ಅಂದಾಗ ನಾನು ಹೇಳಿದೆ: “ಹಳ್ಳ ಇತ್ರಿ. ನಮ್ಮತ್ತಿ ಅದರಾಗ ಅರಿವಿ ಒಗೀತಿದ್ಲು.” ಅಷ್ಟೇ ನಾನು ಆಡಿದ್ದು. ನಿಮ್ಮ ಹೆಸರು ಎತ್ತಲಿಲ್ಲ. ಎತ್ತಿದವನು ಮ್ಯಾನೇಜರ. “ಡ್ರೈವರ್ ಹುಲಗೇಶ ನಮ್ಮನ್ನ ಕೇಳದ ಮುಚ್ಯಾನ್ರಿ” ಅಂತ ನಿಮ್ಮ ಕಡೆ ಬೆರಳು ಮಾಡಿದ. ನಿಮ್ಮ ಮುಖ ನೋಡಿದೆ. ನೀವು ಅವನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಿರಿ.

ನೀವು ಅವತ್ತೇ ಸಂಜೆ ಚೀಲ ತುಂಬಿಕೊಂಡು ಹೋದಿರಿ. ಮುಂದಿನದು ನಿಮಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತೇನೆ.

ಸಾಹೇಬರು ಕಾರ್ಖಾನೆಯ ಕೆಲಸ ನಿಲ್ಲಿಸಿದರು. ಗಿಡ ನೆಡಲು ಹೋಗುತ್ತಿದ್ದ ಹೆಣ್ಣುಮಕ್ಕಳ ಕೂಲಿಯೂ ನಿಂತಿತು. ಆ ಗುಂಪನ್ನು ಕಟ್ಟಿದವಳು ಶಬೀನಾ. ನಮ್ಮ ಮನೆಯಲ್ಲಿ ದಿನಾ ಚಹಾ ಕುಡಿಯುತ್ತಿದ್ದವಳು ಈಗ ನನ್ನ ಕಂಡರೆ ಓಣಿ ಬದಲಿಸುತ್ತಾಳೆ. ಅವಳದ್ದು ತಪ್ಪು ಅನ್ನಲಾರೆ. ನಲ್ಲಿಯ ಹತ್ತಿರ ಒಬ್ಬಳು ಅಂದಳು, “ಗಂಡನ್ನ ಕಳಕೊಂಡಾಕಿ ನಮ್ಮ ಅನ್ನಾನೂ ಕಳದ್ಲು.” ನಾನು ಕೊಡ ತುಂಬಿಕೊಂಡು ಬಂದೆ. ಜಗಳ ಮಾಡಲು ಮೊದಲಿನಷ್ಟು ಕಸುವು ಇಲ್ಲ.

ಜುಲೈನಲ್ಲಿ ಮಳೆ ಹಿಡಿಯಿತು. ನೀರಿಗೆ ಹೋಗಲು ದಾರಿ ಇಲ್ಲ, ತಿರುಗಿ ನಮ್ಮ ಓಣಿಗೆ ನುಗ್ಗಿತು. ಒಲೆಗಳಲ್ಲಿ ರಾಡಿ ತುಂಬಿತು. ಮಂಜವ್ವನ ಮನೆಯ ಗೋಡೆ ಬಿತ್ತು. ದೇವರ ದಯೆ ಅನ್ನುತ್ತಾರೆ ಎಲ್ಲರೂ, ಆಕೆ ಹೊರಗೆ ಎಮ್ಮೆ ಬಿಚ್ಚುತ್ತಿದ್ದಳು. ರಾಡಿಯಲ್ಲಿ ನಿಂತು ಆಕೆ ನನಗೆ ಒಂದೇ ಮಾತು ಕೇಳಿದಳು: “ನೀಲವ್ವ, ನೀ ಸಾಹೇಬ್ರ ಮುಂದ ಹೇಳಿದ್ದಿಯಲ್ಲ, ಮತ್ತ್ಯಾಕ ಹಿಂಗಾತು?” ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ಹಳ್ಳ ತೆಗೆಸಿಕೊಡ್ರಿ ಅಂತ ಕೇಳಲು ಹಾವೇರಿಗೆ ಅಡ್ಡಾಡಿದೆ. ಒಂದು ಕಚೇರಿಯವರು ಮತ್ತೊಂದು ಕಚೇರಿಗೆ ಕಳಿಸುತ್ತಿದ್ದರು. ಬಸ್ಸಿನಲ್ಲಿ ನಿದ್ದೆ ಹತ್ತಿ ಒಮ್ಮೆ ನಮ್ಮ ಸ್ಟಾಪು ದಾಟಿ ಹೋದೆ. ನಮ್ಮ ಪಂಚಾಯ್ತಿಯ ಸದಸ್ಯ ಮಲ್ಲಿಕಸಾಬ ಒಬ್ಬನೇ ಜೊತೆಗೆ ಬರುತ್ತಿದ್ದ. ಅವನ ಮೊಣಕಾಲು ಬಾತಮೇಲೆ ಒಬ್ಬಳೇ ಹೋದೆ.

ಕಡೆಗೆ ಹೋದ ವಾರ ಸಾಹೇಬರೇ ಊರಿಗೆ ಬಂದರು. ಹಳ್ಳ ತೆಗೆಯಬೇಕು, ಒಂದು ಶೆಡ್ಡನ್ನು ಆಚೆ ಸರಿಸಿ ನಕ್ಷೆ ಹೊಸದಾಗಿ ಮಾಡಬೇಕು, ಬಿದ್ದ ಗೋಡೆ ಕಟ್ಟಿಸಿಕೊಡಬೇಕು, ಆಮೇಲೆಯೇ ಬೇರೆ ಕೆಲಸ ಅಂತ ಹೇಳಿದರು. ಕಂಪನಿಯವರು ಒಪ್ಪಿದರು. ನನ್ನನ್ನೂ ಸಹಿ ಮಾಡಲು ಕರೆದರು. ನಾನು ಏಳಲಿಲ್ಲ. “ಡ್ರೈವರ್ ಯಾರ ಮಾತಿನ ಮ್ಯಾಲೆ ಮುಚ್ಚಿದ ಅನ್ನೂದನ್ನ ಮ್ಯಾನೇಜರ ಸಾಹೇಬ್ರು ಈ ಮಂದಿ ಮುಂದ ಹೇಳ್ಲಿ. ಆಮ್ಯಾಲೆ ಮಾಡ್ತೇನಿ” ಅಂದೆ. ಅವನು ನೀರು ಕುಡಿದ, ಫೋನು ನೋಡಿದ, ಹೊರಗೆ ಹೋಗಿ ಬಂದ. ಬಿಸಿಲು ಏರಿತು. ಮಂದಿ ಏಳಲಿಲ್ಲ. ಕೊನೆಗೆ ತಲೆ ತಗ್ಗಿಸಿ, “ನಾವಽ ಹೇಳಿದ್ವಿ. ಹುಲಗೇಶಂದು ತಪ್ಪಿಲ್ಲ” ಅಂದ.

ಶಬೀನಾ ಆ ಮಂದಿಯಲ್ಲಿ ಇದ್ದಳು. ಹೋಗುವಾಗ ನನ್ನ ಸೆರಗಿಗೆ ಹತ್ತಿದ ಕಸ ಜಾಡಿಸಿ ಹೋದಳು.

ಗೆದ್ದೆ ಅನ್ನುತ್ತಾರೆ ಕೆಲವರು. ನನಗೆ ಹಾಗೆ ಅನಿಸಿಲ್ಲ. ಅವತ್ತು ಮನೆಗೆ ಬಂದು ಬರಿ ನೆಲದ ಮೇಲೆ ಮಲಗಿಬಿಟ್ಟೆ. ಜಯಶ್ರೀ ರೊಟ್ಟಿ ಮಾಡಿ ಎಬ್ಬಿಸಿದಳು. ಆಕೆಯ ರೊಟ್ಟಿ ಈಗ ನಿಮ್ಮ ಅವ್ವನ ರೊಟ್ಟಿಯಂತೆ ತೆಳ್ಳಗಾಗಿವೆ.

ನೀವು ಹಿಡಿದ ಮನೆಗೆ ಹಿತ್ತಲ ಇದೆಯಂತೆ, ಬಾವಿ ಇದೆಯಂತೆ. ಜಯಾ ಹೇಳುವಾಗ ಕಣ್ಣು ಮುಚ್ಚಿ ಕೇಳಿದೆ. ಯಾರೂ ಬಾಗಿಲು ಬಡಿಯದ ಮನೆ, ಯಾರ ಗೋಡೆಗೂ ನಾನು ಜವಾಬು ಹೇಳಬೇಕಿಲ್ಲದ ಊರು. ಆಸೆ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಮಗಳ ಶಾಲೆ ಇದೆ, ಹಳ್ಳ ಇನ್ನೂ ತೆಗೆದಿಲ್ಲ. ಬರುತ್ತೇನೆ ಅಂತಲೂ ಬರೆಯಲಾರೆ, ಒಲ್ಲೆ ಅಂತಲೂ ಬರೆಯಲಾರೆ. ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಮಾತ್ರ ಬರೆಯಬಲ್ಲೆ. ನಿಮಗೆ ನನ್ನ ಮೇಲೆ ಇನ್ನೂ ಇದ್ದರೆ ಇರಲಿ, ಹೊತ್ತಿಗೆ ಸರಿಯಾಗಿ ಊಟ ಮಾಡ್ರಿ.

ನಿಮ್ಮ
ನೀಲಾಂಬಿಕಾ

ತಾ.ಕ.: ಒಂದು ಸಂಗತಿಯನ್ನು ಮೇಲೆ ಬರೆಯಲು ಧೈರ್ಯ ಆಗಲಿಲ್ಲ. ಕಾರ್ಖಾನೆಯ ಎರಡನೇ ಹಂತಕ್ಕೆ ಕೆರೆಯ ಮಗ್ಗುಲಿನ ಗೋಮಾಳ ಕೇಳಿದ್ದಾರೆ. ಮುಂದಿನ ತಿಂಗಳು ಮತ್ತೆ ಸಭೆ. ಮಾತಾಡುವವರಲ್ಲಿ ಮೊದಲ ಹೆಸರು ನನ್ನದೇ, ನಿನ್ನೆ ಕೊಟ್ಟು ಬಂದೆ. ನೀವು ಬರುವುದಾದರೆ ಇದನ್ನು ತಿಳಿದೇ ಬರ್ರಿ. ನನ್ನ ಮಗ್ಗುಲಿಗೆ ಕೂಡ್ರುವುದು ಬ್ಯಾಡ, ನನ್ನ ಪರವಾಗಿ ಒಂದು ಮಾತೂ ಆಡುವುದು ಬ್ಯಾಡ. ಹಿಂದೆ ಎಲ್ಲಾದರೂ ನಿಂತುಕೊಳ್ಳಿರಿ, ನನಗೆ ಕಾಣುವ ಹಾಗೆ.