ಬಿದ್ದ ಇಳಿಜಾರಿಗೇ ಮತ್ತೆ

ರೀ,

ಸೈಕಲ್ ತಗೊಂಡು ಹೊರಟೆ. ಹೋದ ವರ್ಷ ಬಿದ್ದು ಭುಜದ ಮೂಳೆ ಮುರ್ಕೊಂಡ್ನಲ್ಲ, ಅದೇ ಸಸೆಕ್ಸ್ ಬೆಟ್ಟದಿಂದ ಸೈಕಲ್‌ನಲ್ಲಿ ಇಳಿಯೋ ಟ್ರೇಲ್‌ಗೆ. ಮಲಗಿದ್ದ ನಿಮ್ಮನ್ನ ಎಬ್ಬಿಸಿ ಹೇಳಿದ್ರೆ "ಬೇಡ ಸುಧಾ" ಅಂತಿದ್ರಿ, ನಾನೂ ನಿಂತುಬಿಡ್ತಿದ್ದೆ.

ಸಮರ್‌ಸೆಟ್‌ನಲ್ಲಿರೋ ನನ್ನ ಫ್ರೆಂಡ್ ಚಿತ್ರಾ ಜೊತೆಗಿದ್ದಾಳೆ, ಅವಳೇ ಡ್ರೈವ್ ಮಾಡೋದು. ಬೆಟ್ಟದಲ್ಲಿ ಸಿಗ್ನಲ್ ಇರಲ್ಲ, ಸುಮ್ಮನೆ ಫೋನ್ ಮೇಲೆ ಫೋನ್ ಮಾಡಬೇಡಿ.

ಇಡ್ಲಿ ಹಿಟ್ಟು ಉಕ್ಕೋಕೆ ಮುಂಚೆ ಫ್ರಿಜ್‌ಗೆ ಇಡಿ. ತಿಂಡಿ ಆದ್ಮೇಲೆ ಅತ್ತೆಗೆ ಮಾತ್ರೆ ಕೊಡಿ. ನಾನೆಲ್ಲಿ ಅಂತ ಕೇಳಿದ್ರೆ ದೇವಸ್ಥಾನಕ್ಕೆ ಹೋಗಿದ್ದಾಳೆ ಅಂತ ಸುಳ್ಳು ಹೇಳಬೇಡಿ.

ನನ್ನ ಕೇಳದೆ ಸೈಕಲ್ ಮಾರಾಟಕ್ಕೆ ಹಾಕಿದ್ದೀರಲ್ಲ, ಇವತ್ತು ನೋಡೋಕೆ ಬರೋರಿಗೆ ಬರಬೇಡಿ ಅಂತ ಮೆಸೇಜ್ ಮಾಡಿ.

ಮನೇಲಿ ಕೂತು ಕೂತು ಹೆದರಿಕೆ ಬೆಳೀತಿದೆ ರೀ. ಆಸ್ಪತ್ರೇಲಿ ನೀವು ಅತ್ತಿದ್ದು ಮರೆತಿಲ್ಲ, ಹುಷಾರಾಗೇ ಇಳೀತೀನಿ. ಆದ್ರೆ ಇಳೀತೀನಿ.

ಸುಧಾ