ಪುಸ್ತಕದ ಬಸ್ಸಿನ ಆಂಟೆನಾ ಕಳಚುವ ಮುನ್ನ

ದೇಶದ ನಕ್ಷೆಗೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚುವ ಅಂತರಜಾಲ ಸಂಪರ್ಕ ಕಚೇರಿಯ ಮಾನ್ಯ ನಿರ್ದೇಶಕರೇ,

ತಾವು ಕುರ್ಕಿಲಾಂಪಿ ಎಂಬ ಹಳ್ಳಿಗೆ ‘ಸಂಪರ್ಕ ಸಾಕಷ್ಟಿದೆ’ ಎನ್ನುವ ಹಸಿರು ಬಣ್ಣ ಹಚ್ಚಿದ್ದೀರಿ. ತಪ್ಪು ಮಾಡಿದ್ದೀರಿ. ಆ ತಪ್ಪಿನಿಂದಾಗಿ ಸೆಪ್ಟೆಂಬರ್ ಒಂದರಂದು ನನ್ನ ಬಸ್ಸಿನ ನೆತ್ತಿಯ ಮೇಲಿರುವ ಆಂಟೆನಾ ಕಳಚಬೇಕಂತೆ. ಅದನ್ನು ಕಳಚಿದ ದಿನ ಹಿಲ್ಕಾ ಎಂಬ ಎಪ್ಪತ್ತೊಂದು ವರ್ಷದ ಹೆಂಗಸಿಗೆ ತನ್ನ ಅಕ್ಕನ ಮುಖ ಕಾಣುವುದು ನಿಂತುಹೋಗುತ್ತದೆ. ವಿಷಯ ಇಷ್ಟೇ. ನಮ್ಮ ಕೈನು ಸೀಮೆಯವರಾದರೆ ಇಷ್ಟು ಹೇಳಿ ಟೋಪಿ ಹಾಕಿಕೊಂಡು ಎದ್ದು ಹೋಗುತ್ತಾರೆ. ಆದರೆ ಕಡಿಮೆ ಮಾತಾಡಿಯೇ ನಮಗೆ ಈ ಗತಿ ಬಂದಿರುವುದರಿಂದ ನಾನು ಉದ್ದಕ್ಕೆ ಬರೆಯುವುದೆಂದು ನಿಶ್ಚಯಿಸಿದ್ದೇನೆ. ನಮ್ಮಲ್ಲಿ ಮಂತ್ರಿಯನ್ನೂ ‘ನೀನು’ ಎಂದೇ ಮಾತಾಡಿಸುವುದು ರೂಢಿ. ತಮಗೆ ಮಾತ್ರ ‘ತಾವು’ ಎನ್ನುತ್ತಿದ್ದೇನೆ. ನನಗೆ ಎಷ್ಟು ಸಿಟ್ಟು ಬಂದಿದೆಯೆಂಬುದನ್ನು ತಾವು ಇದರಿಂದಲೇ ಅಂದಾಜು ಮಾಡಿಕೊಳ್ಳಬಹುದು.

ನಾನು ಇಪ್ಪತ್ತಾರು ವರ್ಷದಿಂದ ನಮ್ಮ ಪುರಸಭೆಯ ಪುಸ್ತಕದ ಬಸ್ಸು ಓಡಿಸುತ್ತಿದ್ದೇನೆ. ಚಾಲಕಿಯೂ ನಾನೇ, ಗ್ರಂಥಪಾಲಕಿಯೂ ನಾನೇ, ಚಳಿಗಾಲದಲ್ಲಿ ಚಕ್ರದ ಮುಂದಿನ ಹಿಮ ಎತ್ತುವವಳೂ ನಾನೇ. ಹದಿನಾಲ್ಕು ನಿಲ್ದಾಣಗಳಲ್ಲಿ ಕೊನೆಯದು ಕುರ್ಕಿಲಾಂಪಿ. ಹಿಂದೆ ಹಾಲಿನ ಕ್ಯಾನುಗಳನ್ನು ಇಡುತ್ತಿದ್ದ ಮರದ ಕಟ್ಟೆಯ ಪಕ್ಕದಲ್ಲಿ, ವಾರ ಬಿಟ್ಟು ವಾರ ಗುರುವಾರ, ಮಧ್ಯಾಹ್ನ ಎರಡು ಹತ್ತರಿಂದ ಎರಡು ನಲವತ್ತೈದರವರೆಗೆ ಬಸ್ಸು ನಿಲ್ಲುತ್ತದೆ. ಐದು ವರ್ಷದ ಹಿಂದೆ ಪುಸ್ತಕ ಎರವಲು ಕೊಡುವ ಯಂತ್ರಕ್ಕೆಂದು ಬಸ್ಸಿನ ಮೇಲೆ ದೊಡ್ಡದೊಂದು ಆಂಟೆನಾ ಕೂರಿಸಿದರು. ಯಂತ್ರಕ್ಕೆ ಬೇಕಾದದ್ದು ಚಿಟಿಕೆಯಷ್ಟು ನೆಟ್. ಉಳಿದದ್ದನ್ನು ಊರಿನವರು ಬಳಸಿಕೊಳ್ಳಲಿ ಎಂದು ಬಾಗಿಲು ತೆರೆದಿಟ್ಟೆ. ಅಂದಿನಿಂದ ಎರಡು ಗಂಟೆಗೇ ಕಟ್ಟೆಯ ಬಳಿ ಜನ. ಒಬ್ಬರು ಔಷಧಿ ಚೀಟಿ ನವೀಕರಿಸುತ್ತಾರೆ, ಒಬ್ಬರು ತೆರಿಗೆಯ ಅರ್ಜಿ ಕಳುಹಿಸುತ್ತಾರೆ, ಒಬ್ಬರು ಹದಿನಾಲ್ಕು ದಿನಕ್ಕಾಗುವಷ್ಟು ಧಾರಾವಾಹಿ ತುಂಬಿಸಿಕೊಳ್ಳುತ್ತಾರೆ, ಚಳಿಗಾಲಕ್ಕೆ ಸೌದೆ ಕೂಡಿಟ್ಟ ಹಾಗೆ. ಪುಸ್ತಕದ ಬಸ್ಸಿನಲ್ಲಿ ಯಾರೂ ಕೇಳದೆ ಕೂತಿರುವುದು ಪುಸ್ತಕಗಳು ಮಾತ್ರ. ನನಗೆ ಬೇಜಾರಿಲ್ಲ.

ಊರಿನ ಸಂಪರ್ಕ ಎಷ್ಟು ‘ಹಸಿರು’ ಎಂಬುದಕ್ಕೆ ತೌನೊನ ಕಥೆ ಕೇಳಿ. ತೌನೊ ಹಿಲ್ಕಾಳ ನೆರೆಮನೆಯವನು, ಹೆಂಡತಿ ತೀರಿಕೊಂಡ ಮೇಲೆ ಐಸ್ ಹಾಕಿ ಆಟವೇ ಅವನ ಸಂಸಾರ. ಈ ವಸಂತದಲ್ಲಿ ಫೈನಲ್ ಪಂದ್ಯ ನೇರಪ್ರಸಾರದಲ್ಲಿ ನೋಡೋಣವೆಂದು ಹಬೆಸ್ನಾನಕ್ಕೆ ಸೌನಾ ಕಾಯಿಸಿ, ಸಾಸೇಜು ಸುಟ್ಟು ಕೂತ. ಮೂರನೇ ನಿಮಿಷಕ್ಕೆ ಚಿತ್ರ ನಿಂತಿತು. ಗೋಲ್‌ಕೀಪರನ ಕಾಲು ಗಾಳಿಯಲ್ಲಿ, ಪರದೆಯ ನಡುವೆ ಒಂದು ಚಕ್ರ ಗಿರಗಿರ. ತೌನೊ ಎದ್ದು ಹೋಗಿ ಮಲಗಿದ. ಮುಂದಿನ ಬಸ್ಸು ಬರಲು ಹನ್ನೆರಡು ದಿನವಿತ್ತು. ಫಲಿತಾಂಶ ರೇಡಿಯೊದಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಆದರೂ ಆ ಹನ್ನೆರಡು ದಿನ ಒಬ್ಬರೂ ಅವನೆದುರು ತುಟಿ ಪಿಟಕ್ಕೆನ್ನಲಿಲ್ಲ. ಗುರುವಾರ ಅವನು ನನ್ನ ಬಸ್ಸಿನಲ್ಲಿ ಕೂತು ಪಂದ್ಯದ ಅರ್ಧಗಂಟೆಯ ಸಾರಾಂಶ ನೋಡಿ ಮುಗಿಸಿ, ಎದ್ದು ನಿಂತು, ‘ಗೆದ್ವಿ ಕಣ್ರೋ!’ ಎಂದು ಕೂಗಿದಾಗ ಎಲ್ಲರೂ ಆಗಷ್ಟೇ ಕೇಳಿದವರಂತೆ ಕೈ ಕುಲುಕಿದರು. ಬಾಯಿಗೆ ಬೀಗ ಹಾಕಿಕೊಳ್ಳುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ತಮ್ಮ ಕಚೇರಿ ಎಡವಿದ್ದೂ ಇಲ್ಲಿಯೇ.

ಏಪ್ರಿಲ್‌ನಲ್ಲಿ ತಮ್ಮ ಸಮೀಕ್ಷೆ ಬಂತು. ಅಂತರಜಾಲದ ಬಗೆಗಿನ ಸಮೀಕ್ಷೆಯಾದ್ದರಿಂದ ಮೊದಲು ಅಂತರಜಾಲದಲ್ಲೇ ಬಂತು, ಯಾರ ಮನೆಯಲ್ಲೂ ತೆರೆಯಲಿಲ್ಲ. ಆಮೇಲೆ ಅಂಚೆಯಲ್ಲಿ ಕಾಗದ ಬಂತು. ‘ನಿಮ್ಮ ಮನೆಯ ಸಂಪರ್ಕ ನಿತ್ಯದ ಬಳಕೆಗೆ ಹೇಗಿದೆ? ಚೆನ್ನಾಗಿದೆ, ಸಾಕು, ಸಾಲದು.’ ಮೂವತ್ತೊಂದು ಮನೆಗಳಲ್ಲಿ ಮೂವತ್ತು ಮನೆಯವರು ‘ಸಾಕು’ ಎಂದು ಗುರುತು ಹಾಕಿ ಕಳುಹಿಸಿದರು. ಉಳಿದ ಒಬ್ಬ ತೌನೊ. ಅವನು ಯಾವ ಚೌಕಕ್ಕೂ ಗುರುತು ಹಾಕದೆ ಅಂಚಿನಲ್ಲಿ, ‘ಇದಕ್ಕಿಂತ ಕೆಟ್ಟದ್ದನ್ನೂ ಕಂಡಿದ್ದೇವೆ’ ಎಂದು ಬರೆದ. ತಾವು ಅದನ್ನು ‘ಚೆನ್ನಾಗಿದೆ’ ಎಂಬ ಲೆಕ್ಕಕ್ಕೆ ಸೇರಿಸಿದಿರಿ ಎಂದು ಆಮೇಲೆ ತಿಳಿಯಿತು.

ನನಗೆ ಇದು ಗೊತ್ತಾದದ್ದು ಜೂನ್‌ನಲ್ಲಿ. ಹಿಲ್ಕಾಳನ್ನು ಹಿಡಿದು ಕೇಳಿದೆ.

‘ನಿಮ್ಮನೇಲಿ ನೆಟ್ಟೇ ಇಲ್ವಲ್ಲೇ! ಸೌನಾ ಮಾಡಿನ ಏಣಿ ಮೇಲೆ ಹತ್ತಿ ನಿಂತ್ರೆ ಒಂದು ಮೆಸೇಜು ಹೋಗತ್ತೆ, ಅಷ್ಟೆ. ಅದ್ಹೇಗೆ ಸಾಕು ಅಂತ ಬರ್ದೆ?’

‘ಹೋಗತ್ತಲ್ಲ ಮತ್ತೆ.’

‘ಸಾಲದು ಅಂತ ಬರೀಬೇಕಿತ್ತು.’

‘ಹಾಗಂದ್ರೆ ದೂರು ಹೇಳ್ದ ಹಾಗಾಗಲ್ವೇನೇ? ಆ ಕಚೇರಿಯವ್ರೂ ಪಾಪ, ಕೆಲ್ಸ ಮಾಡ್ತಿರ್ತಾರೆ. ನಮ್ಮ ಏಣಿ ಗಟ್ಟಿಯಾಗೇ ಇದೆ.’

ಕೇಳಿದಿರಾ? ಅತ್ತರೆ ಮಾತ್ರ ತಾಯಿಯೂ ಹಾಲು ಕೊಡುವುದು ಎನ್ನುತ್ತಾರೆ. ಅಳುವುದನ್ನೇ ಅವಮಾನವೆಂದು ತಿಳಿದವರ ಊರಿಗೆ ತಾವು ‘ಅಳುತ್ತೀರಾ?’ ಎಂದು ಕಾಗದ ಬರೆದು ಕೇಳಿದಿರಿ. ಇಲ್ಲ ಎಂದರು. ತಕ್ಷಣ ಹಸಿರು ಬಳಿದಿರಿ. ತಾವೂ ಇದೇ ದೇಶದವರಲ್ಲವೇ? ತಮ್ಮ ಅಜ್ಜಿ ಕೊಡಲಿಯಿಂದ ಕಾಲಿಗೆ ಗಾಯ ಮಾಡಿಕೊಂಡಾಗ ಏನೆನ್ನುತ್ತಿದ್ದರು? ‘ಪರವಾಗಿಲ್ಲ’ ಎಂದಲ್ಲವೇ? ಆ ಮಾತು ಕೇಳಿ ತಾವು ವೈದ್ಯರನ್ನು ಕರೆಯದೆ ಬಿಡುತ್ತಿದ್ದಿರಾ?

ಈಗ ಹಿಲ್ಕಾಳ ಅಕ್ಕ ಸಿಲ್ವಿಯ ವಿಷಯ. ಇಪ್ಪತ್ತನೇ ವಯಸ್ಸಿನಲ್ಲಿ ಕಾರು ಕಾರ್ಖಾನೆಯ ಕೆಲಸಕ್ಕೆಂದು ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಹೋದವಳು ಅಲ್ಲೇ ಉಳಿದಳು. ನಲವತ್ತು ವರ್ಷ ಅಲ್ಲಿನ ಫಿನ್ನಿಷ್ ಚರ್ಚಿನ ಗಾಯನವೃಂದದಲ್ಲಿ ಹಾಡಿದ ದೈವಭಕ್ತೆ. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ಬಲಗೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಒಂದು ಪದ. ಹಾಗಾಗುವುದುಂಟು ಎಂದರು ವೈದ್ಯರು. ಪ್ರಾರ್ಥನೆಯ ಪದವೊಂದು ಉಳಿದಿದ್ದರೆ ಚೆನ್ನಾಗಿತ್ತು. ಉಳಿದದ್ದು ಸೈತಾನನ ಹೆಸರು ಹಿಡಿದು ಬೈಯುವ ನಮ್ಮ ಹಳೆಯ ಬೈಗುಳ. ಈ ಪತ್ರ ಅಚ್ಚಾಗಲಿರುವ ಪತ್ರಿಕೆಯ ಮರ್ಯಾದೆಗಾಗಿ ಅದನ್ನು ಇಲ್ಲಿ ಬರೆಯುವುದಿಲ್ಲ. ಬದುಕಿನಲ್ಲಿ ಒಮ್ಮೆಯೂ ಆಡಿರದ ಆ ಪದವನ್ನೇ ಸಿಲ್ವಿ ಈಗ ನಮಸ್ಕಾರಕ್ಕೂ, ಹಸಿವಿಗೂ, ಪಾದ್ರಿಗೂ ಬಳಸುತ್ತಾಳೆ.

ಫೋನ್ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಹಿಲ್ಕಾ ಮಾಡಿ ನೋಡಿದಳು. ಹತ್ತು ನಿಮಿಷ ಬೈಸಿಕೊಂಡಳು. ಅಕ್ಕ ನಗುತ್ತ ಬೈದಳೋ ಅಳುತ್ತ ಬೈದಳೋ ತಿಳಿಯದೆ ಫೋನಿಟ್ಟು ಎರಡು ದಿನ ಊಟ ಬಿಟ್ಟಳು. ಸಿಲ್ವಿಯ ಮಾತು ಈಗ ಬಾಯಲ್ಲಿಲ್ಲ, ಮುಖದಲ್ಲಿದೆ. ಮುಖ ಬರಬೇಕಾದರೆ ನೆಟ್ ಬೇಕು. ನೆಟ್ ಇರುವುದು ನನ್ನ ಬಸ್ಸಿನಲ್ಲಿ. ಆಕಾಶದಿಂದ ನೆಟ್ ಇಳಿಸುವ ತಟ್ಟೆ ಹಾಕಿಸಬಹುದಲ್ಲ ಎನ್ನುತ್ತೀರಾ? ಅದನ್ನು ಕೂರಿಸಲು ಬಂದವನು ಸುತ್ತ ನೋಡಿ, ಆಕಾಶ ಕಾಣಬೇಕಾದರೆ ಇಪ್ಪತ್ತು ಸ್ಪ್ರೂಸ್ ಮರ ಕಡಿಯಬೇಕು ಎಂದ. ಮರಗಳು ಪಕ್ಕದ ಕಾಡಿನ ಒಡೆಯರವು. ಪೇಟೆಯ ಗ್ರಂಥಾಲಯ ಮೂವತ್ತೆಂಟು ಕಿಲೋಮೀಟರ್ ದೂರ, ಹಿಲ್ಕಾಳಿಗೆ ಕಾರು ಓಡಿಸಲು ಬಾರದು.

ಹಾಗಾಗಿ ಗುರುವಾರ ಎರಡು ಹತ್ತಕ್ಕೆ ಹಿಲ್ಕಾ ಏಲಕ್ಕಿ ಬನ್ನಿನ ಪೊಟ್ಟಣವನ್ನು ನನ್ನ ಕೈಗಿತ್ತು, ಮಕ್ಕಳ ಪುಸ್ತಕಗಳ ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಪರದೆಯಲ್ಲಿ ಸಿಲ್ವಿಯ ಮುಖ ಬಂದ ಕೂಡಲೇ ಹೆಣಿಗೆ ತೆಗೆಯುತ್ತಾಳೆ. ಚಿಕ್ಕಂದಿನಿಂದ ಹೆಣಿಗೆಯಲ್ಲಿ ಸಿಲ್ವಿಯೇ ಜಾಣೆ. ಈಗ ಕೈ ಇಲ್ಲದಿದ್ದರೇನು, ಕಣ್ಣಿದೆಯಲ್ಲ. ಹಿಲ್ಕಾ ಕೈಗವಸು ಹೆಣೆಯುವುದು, ಸಿಲ್ವಿ ಪರದೆಯ ಆಚೆಯಿಂದ ಮೇಸ್ತ್ರಿಗಿರಿ ಮಾಡುವುದು. ತಪ್ಪು ಕಂಡ ಕೂಡಲೇ ಇಡೀ ಬಸ್ಸಿಗೆ ಕೇಳಿಸುವಂತೆ ಬೈಗುಳ.

‘ಎಲ್ಲಿ? ಈ ಅಂಚಿನ ಹತ್ರಾನಾ?’ ಎನ್ನುತ್ತಾಳೆ ಹಿಲ್ಕಾ.

ಬೈಗುಳ.

‘ಅಯ್ಯೋ, ಮೂರು ಸಾಲೂ ಬಿಚ್ಬೇಕಾ?’

ಖುಷಿಯ ಬೈಗುಳ.

‘ಬಿಚ್ತೀನಿ ತಾಳಕ್ಕ. ಅಮ್ಮನಿಗಿಂತ್ಲೂ ಜೋರಾದೆ ನೀನು.’

ಮುಂದಿನ ಸೀಟಿನಿಂದ ತೌನೊ ಒಮ್ಮೆ, ‘ಇವ್ಳು ಬೈಯೋದು ಕೇಳಿದ್ರೆ ನನ್ನ ಹೆಂಡ್ತಿ ನೆನಪಾಗ್ತಾಳೆ. ಎಷ್ಟು ಒಳ್ಳೆ ಹೆಂಗ್ಸು!’ ಎಂದ. ಅವನು ಅಷ್ಟುದ್ದ ಮಾತಾಡಿದ್ದು ನಾನು ಅದೇ ಮೊದಲು ಕೇಳಿದ್ದು.

ಕಳೆದ ಬೇಸಿಗೆಯಲ್ಲಿ ನಾನೂ ಹಿಲ್ಕಾಳೂ ಸಿಲ್ವಿಯನ್ನು ನೋಡಲು ಹೋಗಿದ್ದೆವು. ಸ್ವೀಡನ್ನಿಗೆ ಹೋಗುವ ಆ ರಾತ್ರಿ ಹಡಗಿನಲ್ಲಿ ತಾವು ಹೋಗಿದ್ದೀರಾ? ನಡುಸಮುದ್ರದಲ್ಲಿ, ಸುತ್ತ ನೀರು ಬಿಟ್ಟರೆ ಬೇರೇನೂ ಇಲ್ಲದ ಕಡೆ, ನೆಟ್ ಅಮೋಘವಾಗಿತ್ತು. ಲಾರಿ ಚಾಲಕನೊಬ್ಬ ಕಾಫಿ ಕುಡಿಯುತ್ತ ಕೇಕು ಮಾಡುವ ಕಾರ್ಯಕ್ರಮವನ್ನು ಒಂದು ಸಲವೂ ತಡೆಯಿಲ್ಲದೆ ನೋಡಿ ಮುಗಿಸಿದ. ರೈಲಿನಲ್ಲೂ ಹಾಗೆಯೇ, ದಕ್ಷಿಣಕ್ಕೆ ಹೋದಷ್ಟೂ ಎಲ್ಲರ ಕಿವಿಯಲ್ಲಿ ಹಾಡು, ಕಣ್ಣಲ್ಲಿ ಸಿನಿಮಾ. ನೀರಿನ ಮೇಲೆ ಓಡಾಡುವವರಿಗೆ ಇದೆ, ಹಳಿಯ ಮೇಲೆ ಓಡಾಡುವವರಿಗೆ ಇದೆ. ನೆಲದ ಮೇಲೆ ಒಂದೇ ಕಡೆ ನೆಟ್ಟಗೆ ಬದುಕಿದವರಿಗೆ ಮಾತ್ರ ಇಲ್ಲ. ಹಿಲ್ಕಾಳಿಗೆ ಮಂಡಿ ನೋವು, ಮನೆಯಲ್ಲಿ ಒಂಬತ್ತು ಕುರಿ. ಪ್ರತಿ ಸಲ ಹಡಗು ಹತ್ತಲು ಅವಳಿಗಾಗುವುದಿಲ್ಲ.

ತಮ್ಮ ಆದೇಶ ಕೈಸೇರಿದ ದಿನ ಕಚೇರಿಗೆ ಫೋನ್ ಮಾಡಿದೆ. ಹಾಲಿನ ಕಟ್ಟೆಯ ಮೇಲೆ ನಿಂತು ನಲವತ್ತೊಂದು ನಿಮಿಷ, ಕಾಯುವವರಿಗೆಂದು ತಾವು ಹಾಕಿಟ್ಟಿರುವ ಪಿಟೀಲು ಕೇಳಿದೆ. ಕೊನೆಗೆ ಸೌಜನ್ಯದ ದನಿಯೊಂದು ಸಿಕ್ಕಿತು.

‘ನಿಮ್ಮೂರಲ್ಲಿ ಎಲ್ರೂ ತೃಪ್ತರು ಅಂತ ನಮ್ಮ ದಾಖಲೇಲಿದೆ. ಸಂಪರ್ಕ ಸಾಕಷ್ಟಿರೋ ಕಡೆ ಬಸ್ಸಿನ ಆಂಟೆನಾಗೆ ಅವಕಾಶ ಇಲ್ಲ.’

‘ಅವ್ರು ತೃಪ್ತರಲ್ಲ ಮಾರಾಯ, ಕೈನುವಿನವ್ರು.’

‘ಆ ಆಯ್ಕೆ ಅರ್ಜೀಲಿ ಇರ್ಲಿಲ್ಲ.’

ನಾನು ಉತ್ತರ ಕೊಡುವಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಒಡನೆಯೇ ಸಂದೇಶ ಬಂತು: ‘ನಮ್ಮ ಸೇವೆ ಹೇಗಿತ್ತು? ಒಂದರಿಂದ ಐದರವರೆಗೆ ಅಂಕ ಕೊಡಿ.’ ಸಿಟ್ಟಿನಿಂದ ಕುದಿಯುತ್ತಿದ್ದೆ. ಒಂದು ಎಂದು ಒತ್ತಲು ಹೋದೆ. ಆದರೆ ಆ ಹುಡುಗನ ದನಿ ನೆನಪಾಯಿತು, ಪಾಪ ಎನಿಸಿತು. ಮೂರು ಎಂದು ಒತ್ತಿದೆ. ಅದರ ಕೆಳಗೆ ‘ಧನ್ಯವಾದ’ ಎಂದೂ ಬರೆದೆ. ತಲೆ ಚಚ್ಚಿಕೊಳ್ಳಬೇಕು ಅನಿಸಿದ್ದು ಬೆರಳೆತ್ತಿದ ಮೇಲೆ. ನನ್ನಲ್ಲೂ ಅದೇ ನೀರು, ಅದೇ ಮಣ್ಣು.

ಕಳೆದ ಗುರುವಾರ ವಿಷಯವನ್ನು ಸಿಲ್ವಿಗೆ ಹೇಳಬೇಕಾಯಿತು. ಹಿಲ್ಕಾ ಹೆಣಿಗೆಯನ್ನು ಮಡಿಲಲ್ಲಿಟ್ಟುಕೊಂಡಳು.

‘ಅಕ್ಕ, ಸೆಪ್ಟೆಂಬರಿಂದ ಬಸ್ಸಲ್ಲಿ ನೆಟ್ ಇರಲ್ವಂತೆ. ನಾನು ನಿಂಗೆ ಕಾಣಲ್ಲ. ಹೆಣಿಗೆ ನಾನೇ ಹೇಗೋ ನೋಡ್ಕೊಳ್ತೀನಿ, ನೀನು ಯೋಚ್ನೆ ಮಾಡ್ಬೇಡ.’

ಸಿಲ್ವಿಗೆ ಅರ್ಥವಾಗಲಿಲ್ಲ. ಹಿಲ್ಕಾ ಇನ್ನೊಮ್ಮೆ ನಿಧಾನವಾಗಿ ಹೇಳಿದಳು. ಸಿಲ್ವಿ ಬಹಳ ಹೊತ್ತು ತಂಗಿಯನ್ನೇ ನೋಡಿದಳು. ಆಮೇಲೆ ಎಡಗೈ ಮುಂದೆ ಚಾಚಿ ಪರದೆಯ ಮೇಲಿಟ್ಟಳು. ನಮಗೆ ಕಂಡದ್ದು ಅಂಗೈ ಮಾತ್ರ, ಅದರ ಗೆರೆಗಳೆಲ್ಲ ಕಂಡವು. ಅದರ ಹಿಂದಿನಿಂದ ಆ ಪದ ಬಂತು, ತೀರ ಮೆಲ್ಲಗೆ. ತೌನೊ ಕಿಟಕಿಯ ಕಡೆ ತಿರುಗಿದ. ನಾನು ಅತ್ತೆ, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಿಲ್ಕಾ ಅಳಲಿಲ್ಲ. ಇಳಿಯುವಾಗ ನನ್ನ ಭುಜ ತಟ್ಟಿ, ‘ನಡೆಯತ್ತೆ ಬಿಡು ಟೆರ್ಟು’ ಎಂದಳು.

ನಡೆಯುವುದಿಲ್ಲ, ನಿರ್ದೇಶಕರೇ. ಅವಳ ಪರವಾಗಿ ನಾನು ಹೇಳುತ್ತಿದ್ದೇನೆ, ನಡೆಯುವುದಿಲ್ಲ. ಕುರ್ಕಿಲಾಂಪಿಯ ಮನೆಗಳಿಗೆ ನೆಟ್ ತಂತಿ ಬರುವವರೆಗೆ ಬಸ್ಸಿನ ಆಂಟೆನಾವನ್ನು ಯಾರೂ ಮುಟ್ಟಕೂಡದು. ನಕ್ಷೆಯ ಹಸಿರನ್ನು ಅಳಿಸಬೇಕು. ಮತ್ತೆ ಸಮೀಕ್ಷೆ ಮಾಡುವುದಾದರೆ ಕಾಗದ ಕಳುಹಿಸದೆ ಮನುಷ್ಯರನ್ನು ಕಳುಹಿಸಿ, ಏಣಿ ಹತ್ತಬಲ್ಲವರನ್ನು.

ಇದಾವುದೂ ಆಗದು, ನಿಯಮ ನಿಯಮವೇ ಎನ್ನುವುದಾದರೆ ಆಗಸ್ಟ್ ಕೊನೆಯ ಗುರುವಾರ ತಾವೇ ಬನ್ನಿ. ಹಿಲ್ಕಾಳ ಪಕ್ಕದಲ್ಲಿ ಜಾಗ ಬಿಡಿಸಿಕೊಡುತ್ತೇನೆ. ಕುರ್ಕಿಲಾಂಪಿ ತೃಪ್ತವಾಗಿದೆಯೆಂದು, ಇನ್ನು ಮುಂದೆ ತಂಗಿ ಕಾಣುವುದಿಲ್ಲವೆಂದು ಸಿಲ್ವಿಗೆ ತಮ್ಮ ಬಾಯಿಂದಲೇ ಹೇಳಿ. ಅವಳು ಒಂದೇ ಪದದಲ್ಲಿ ಉತ್ತರ ಕೊಡುತ್ತಾಳೆ. ಆಗ ಕಣ್ಣು ತಪ್ಪಿಸಬೇಡಿ, ಅವಳ ಮುಖ ನೋಡಿ.

ಇಂತಿ,
ಈ ಪತ್ರವನ್ನು ಪತ್ರಿಕೆಗೆ ಕಳುಹಿಸಲು ಸಿಗ್ನಲ್ ಹುಡುಕುತ್ತ ಖಾಲಿ ಬಸ್ಸನ್ನು ಗುಡ್ಡದ ತುದಿಗೆ ಹತ್ತಿಸಿದ,
ಟೆರ್ಟು ವಾಲ್ಕಮಾ
ಪುಸ್ತಕದ ಬಸ್ಸಿನ ಚಾಲಕಿ