ಜೂನ್ ಹನ್ನೆರಡರ ಖಾಲಿ ಸಾಲು

ನಿತೇಶ,

ರಿಜಿಸ್ಟರು, ನೋಟರಿ ಸೀಲು ಎರಡನ್ನೂ ಒಯ್ದಿದ್ದೇನೆ, ಹುಡುಕಬೇಡ. ಕಾರವಾರಕ್ಕೆ ಹೋಗಿ ಜಿಲ್ಲಾ ಜಡ್ಜರ ಮುಂದೆ ಇಡುತ್ತೇನೆ.

ತಮ್ಮನಲ್ಲವಾ ಹೇಳಿ ನನ್ನ ನೋಟರಿ ಆಫೀಸಿನಲ್ಲಿ ನಿನಗೆ ಗುಮಾಸ್ತನ ಕೆಲಸ ಕೊಟ್ಟೆ. ರಿಜಿಸ್ಟರಿನಲ್ಲಿ ದಿನದ ಕೊನೆಗೆ ಒಂದು ಸಾಲು ಖಾಲಿ ಬಿಡಬೇಡ ಎಂದರೆ, "ತಡವಾಗಿ ಬಂದವರಿಗೆ ಬೇಕಾಗ್ತದೆ ಅಕ್ಕಾ" ಅಂದೆ. ಈಗ ಜೂನ್ ಹನ್ನೆರಡರ ಖಾಲಿ ಸಾಲಿನಲ್ಲಿ ಕೇಣಿ ಊರಿನ ಹೀರಾ ಮಾವಶಿಯ ಜಾಗ ಮಾರುವ ಅಧಿಕಾರ ಕೊಡುವ ಮುಖತ್ಯಾರ ಪತ್ರ ಬಂದು ಕೂತಿದೆ. ಅವಳು ನೋಟರಿಯಾದ ನನ್ನೆದುರೇ ಹೆಬ್ಬೆಟ್ಟು ಒತ್ತಿದಳು ಹೇಳಿ ನೀನೇ ಬರೆದಿದ್ದೀಯ.

ಬಂಗಡೆ ಸಾರು ಒಲೆ ಮೇಲಿದೆ. ಬಿಸಿ ಮಾಡಿಕೊಂಡು ಉಣ್ಣು.

ಆ ಹೆಬ್ಬೆಟ್ಟು ಯಾರದ್ದು ಹೇಳಿ ನಾನು ಬರುವುದರೊಳಗೆ ಬರೆದಿಡು. ಮಾವಶಿಯದ್ದು ಅನ್ನಬೇಡ. ಆ ವಾರವೆಲ್ಲ ಅವಳ ಎರಡೂ ಕೈ ಸುಟ್ಟು ಬ್ಯಾಂಡೇಜಿನಲ್ಲಿದ್ದವು. ಆಸ್ಪತ್ರೆಯಲ್ಲಿ ಚಮಚದಿಂದ ಗಂಜಿ ಕುಡಿಸಿದವಳು ನಾನು.

ಅಮಿತಕ್ಕ